ಐದು ಲಕ್ಷದ ವ್ಯಾಪಾರ, ತಿಂಗಳ ಕೊನೆಗೆ ಬರಿಗೈ: ನಿಮ್ಮ ಹಣ ಎಲ್ಲಿ ನಿಂತಿದೆ?

ಪ್ರಶ್ನೆ: ನಾನು, ನಮ್ಮ ಯಜಮಾನರು ಶ್ರೀನಗರದಲ್ಲಿ ಆರು ವರ್ಷದಿಂದ ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತಿದ್ದೇವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾಬೂಂದಿ ಎಲ್ಲ ನಮ್ಮಲ್ಲೇ ಮಾಡುತ್ತೇವೆ. ಕೌಂಟರ್‌ನಲ್ಲಿ ತಿಂಗಳಿಗೆ 3 ಲಕ್ಷ 20 ಸಾವಿರ ವ್ಯಾಪಾರ. ಹನ್ನೊಂದು ಪ್ರಾವಿಷನ್ ಸ್ಟೋರ್, ಎರಡು ಸೂಪರ್‌ಮಾರ್ಕೆಟ್‌ಗೆ ಸಪ್ಲೈ 2 ಲಕ್ಷ. ನಿಪ್ಪಟ್ಟು ಕೆಜಿಗೆ 100 ರೂಪಾಯಿ ಬೀಳುತ್ತದೆ, ಕೌಂಟರ್‌ನಲ್ಲಿ 280ಕ್ಕೆ, ಅಂಗಡಿಗಳಿಗೆ 200ಕ್ಕೆ ಕೊಡುತ್ತೇವೆ. ಅರ್ಧಕ್ಕರ್ಧ ಲಾಭ ಇದ್ದರೂ ತಿಂಗಳ ಕೊನೆಗೆ ಬಾಡಿಗೆ ಕಟ್ಟಲು ಪರದಾಡುತ್ತೇವೆ. ನೂರಕ್ಕೆ ಮೂರರ ಬಡ್ಡಿಯಲ್ಲಿ 2 ಲಕ್ಷ ಕೈಸಾಲ, ಜತೆಗೆ ದಿನಕ್ಕೆ ಸಾವಿರ ಕಟ್ಟುವ ಒಂದು ಲಕ್ಷದ ಸಾಲ ಇದೆ. ಯುಪಿಐ ತೆಗೆದುಬಿಟ್ಟರೆ ತೆರಿಗೆ ಉಳಿಯುತ್ತದೆ ಅನ್ನುತ್ತಾರೆ ನಮ್ಮ ಯಜಮಾನರು. ಮುದ್ರಾ ಸಾಲ ತೆಗೆದು ಬನಶಂಕರಿ ಮೂರನೇ ಹಂತದಲ್ಲಿ ಇನ್ನೊಂದು ಶಾಖೆ ಮಾಡಿದರೆ ಸರಿಹೋಗುತ್ತದಾ? ಖರ್ಚಿನ ವಿವರ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೇನೆ.

ಉತ್ತರ: ನಿಮ್ಮ ಹಾಳೆಗಳನ್ನು ಎರಡು ಸಲ ಓದಿದೆ. ಅಕ್ಕಿಹಿಟ್ಟಿನ ದರದಿಂದ ಹಿಡಿದು ಅತ್ತೆಯವರ ಔಷಧಿ ಖರ್ಚಿನವರೆಗೆ ಒಂದನ್ನೂ ಬಿಡದೆ ಬರೆದಿದ್ದೀರಿ. ಇಷ್ಟು ಪ್ರಾಮಾಣಿಕವಾಗಿ ಬರೆದುಕೊಟ್ಟವರಿಗೆ ಉತ್ತರವನ್ನೂ ಅಷ್ಟೇ ಬಿಡಿಸಿ ಹೇಳಬೇಕು.

ಆ ಹಾಳೆಗಳಲ್ಲಿ ಒಂದು ಖರ್ಚು ಮಾತ್ರ ಬಿಟ್ಟುಹೋಗಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ಕಲಸುವ ನಿಮ್ಮ ಸಂಬಳ. ಮಧ್ಯಾಹ್ನವಿಡೀ ಸ್ಕೂಟರ್‌ನಲ್ಲಿ ಅಂಗಡಿ ಅಂಗಡಿ ಸುತ್ತಿ ಸರಕು ಹಾಕಿ, ಬಾಕಿ ಕೇಳಿ ಬರುವ ನಿಮ್ಮ ಯಜಮಾನರ ಸಂಬಳ. ಭಟ್ಟರಿಗೆ 28 ಸಾವಿರ ಎಂದು ಬರೆದಿದ್ದೀರಿ, ಇಬ್ಬರು ಹೆಣ್ಣುಮಕ್ಕಳಿಗೆ ತಲಾ 15 ಸಾವಿರ ಎಂದು ಬರೆದಿದ್ದೀರಿ, ನಿಮ್ಮಿಬ್ಬರ ಹೆಸರೇ ಇಲ್ಲ. ನಿಮ್ಮ ತೊಂದರೆ ಅರ್ಧ ಇರುವುದು ಅಲ್ಲೇ. ಮನೆಯವರ ದುಡಿಮೆಗೆ ಬೆಲೆ ಕಟ್ಟದೇ ಇದ್ದರೆ ನಷ್ಟದ ವ್ಯಾಪಾರವೂ ಲಾಭದ ಹಾಗೆ ಕಾಣುತ್ತದೆ. ನಿಮ್ಮ ಸಪ್ಲೈ ವಿಚಾರದಲ್ಲಿ ಆಗಿರುವುದು ಅದೇ.

ನಿಪ್ಪಟ್ಟನ್ನೇ ತೆಗೆದುಕೊಳ್ಳೋಣ. ಹತ್ತು ಕೆಜಿ ನಿಪ್ಪಟ್ಟಿಗೆ ಅಕ್ಕಿಹಿಟ್ಟು, ಹುರಿಗಡಲೆ, ಕಡಲೇಬೀಜ, ಖಾರದಪುಡಿ, ಎಳ್ಳು, ಕರಿಬೇವು ಸೇರಿ 650 ರೂಪಾಯಿ. ತಿಂಡಿ ಹೀರಿಕೊಳ್ಳುವ ಎಣ್ಣೆ ಎರಡೂವರೆ ಕೆಜಿ, 140ರಂತೆ 350. ಒಟ್ಟು ಸಾವಿರ, ಅಂದರೆ ಕೆಜಿಗೆ ನೂರು. ನಿಮ್ಮ ಲೆಕ್ಕ ಇಲ್ಲಿಗೇ ನಿಂತಿದೆ. ಇದು ನಿಪ್ಪಟ್ಟಿನೊಳಗೆ ಹೋದ ಸಾಮಾನಿನ ಬೆಲೆ ಮಾತ್ರ. ನಿಪ್ಪಟ್ಟು ಅಂಗಡಿಯವನ ಕೈ ಸೇರುವ ಹೊತ್ತಿಗೆ ಎಷ್ಟು ಬಿದ್ದಿರುತ್ತದೆ ಅನ್ನುವುದು ಬೇರೆ ಲೆಕ್ಕ.

ಮೊದಲು ಬಾಣಲೆಯಲ್ಲಿ ಉಳಿಯುವ ಎಣ್ಣೆ. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ನೀವು ಮತ್ತೆ ಬಳಸುವುದಿಲ್ಲ ಎಂದು ಬರೆದಿದ್ದೀರಿ, ಸಂತೋಷವಾಯಿತು. ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಅದನ್ನು ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರಿಂದಲೇ ಇದೆ. ಆದರೆ ಹಾಗೆ ತೆಗೆದಿಡುವ ಎಣ್ಣೆಗೂ ದುಡ್ಡು ಕೊಟ್ಟಿದ್ದೀರಲ್ಲ? ಹತ್ತು ಕೆಜಿ ತಿಂಡಿಗೆ ಅರ್ಧ ಕೆಜಿ ಹೋಗುತ್ತದೆ ಎಂದರೂ ಕೆಜಿಗೆ 7 ರೂಪಾಯಿ. ಈ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡುವುದಕ್ಕೆ ಅಧಿಕೃತವಾಗಿ ಕೊಳ್ಳುವವರಿದ್ದಾರೆ, ಅವರಿಗೇ ಕೊಡಿ. ಬೀದಿಬದಿಯಲ್ಲಿ ಮತ್ತೆ ಕರಿಯುವವರಿಗೆ ಮಾತ್ರ ಕೊಡಬೇಡಿ.

ಗ್ಯಾಸ್: 1,800 ಕೊಟ್ಟು ತರಿಸುವ 19 ಕೆಜಿ ಸಿಲಿಂಡರ್ ನಿಮ್ಮಲ್ಲಿ ನೂರು ಕೆಜಿ ತಿಂಡಿಗೆ ಬರುತ್ತದೆ, ಕೆಜಿಗೆ 18. ಮುರಿದದ್ದು, ಸೀದದ್ದು 4. ಕವರ್, ಲೇಬಲ್ 11. ಮೂವರ ಸಂಬಳ 58 ಸಾವಿರವನ್ನು ತಿಂಗಳಿಗೆ ನೀವು ಮಾಡುವ ಸುಮಾರು 2,150 ಕೆಜಿಗೆ ಹಂಚಿದರೆ ಕೆಜಿಗೆ 27. ಕರೆಂಟು 3. ಗೂಡ್ಸ್ ಆಟೋ, ಪೆಟ್ರೋಲು ಸೇರಿ ತಿಂಗಳಿಗೆ 12 ಸಾವಿರ ಆಗುವುದು ಸಪ್ಲೈಗೆ ಮಾತ್ರ, ಆದ್ದರಿಂದ ಸಪ್ಲೈ ಆಗುವ ಸಾವಿರ ಕೆಜಿಯ ಮೇಲೆ 12. ಸೂಪರ್‌ಮಾರ್ಕೆಟ್‌ನವರು ತಾರೀಖು ಮುಗಿಯಿತೆಂದು ವಾಪಸ್ ಕಳಿಸುವ ಸರಕು ನೂರಕ್ಕೆ ನಾಲ್ಕು ಎಂದಿದ್ದೀರಿ, ಅದು 8. ಜಿಎಸ್‌ಟಿ 2.

ಕೂಡಿ ನೋಡಿ. ನೂರು ಇದ್ದದ್ದು 192 ಆಯಿತು.

ಇನ್ನೂ ಬಾಡಿಗೆ ಬಂದಿಲ್ಲ. 32 ಸಾವಿರ ಬಾಡಿಗೆಯನ್ನು ಕೆಜಿಗಿಷ್ಟು ಎಂದು ಸಮನಾಗಿ ಹಂಚುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮುಖ್ಯರಸ್ತೆಯ ಅಂಗಡಿಗೆ ಅಷ್ಟು ಬಾಡಿಗೆ ಕೊಡುತ್ತಿರುವುದು ಓಡಾಡುವ ಗಿರಾಕಿಯ ಕಣ್ಣಿಗೆ ಬೀಳಲಿ ಎಂದು. ಸಪ್ಲೈ ಸರಕನ್ನು ಯಾವ ಒಳರಸ್ತೆಯಲ್ಲಾದರೂ ಕರಿಯಬಹುದಿತ್ತು. ಹಾಗಾಗಿ ಸಪ್ಲೈ ತಲೆಗೆ ಕಾಲು ಭಾಗ ಮಾತ್ರ ಹಾಕಿದ್ದೇನೆ: 8 ಸಾವಿರ, ಕೆಜಿಗೆ 8. ಈಗ ಅಸಲು 200. ನೀವು ಮಾರುವುದೂ 200ಕ್ಕೆ.

ಆ ಎರಡು ಲಕ್ಷ ಕೈಸಾಲ ತೆಗೆದದ್ದೇ ಸಪ್ಲೈ ಬಾಕಿ ಬರುವವರೆಗೆ ಸಾಮಾನು ತರಲು ಎಂದು ನೀವೇ ಬರೆದಿದ್ದೀರಿ. ಅದರ ಬಡ್ಡಿ ತಿಂಗಳಿಗೆ 6 ಸಾವಿರ, ಅಂದರೆ ಕೆಜಿಗೆ 6 ಕೈಯಿಂದ ಹೋಯಿತು. ಮನೆಗೆ ತಿಂಗಳಿಗೆ ಬೇಕಾಗುವ 68 ಸಾವಿರವನ್ನು ನಿಮ್ಮಿಬ್ಬರ ಸಂಬಳವೆಂದು ಹಿಡಿದು, ಅದರಲ್ಲಿ ಅರ್ಧವನ್ನು ಸಪ್ಲೈಗೆ ಹಾಕಿದರೆ ಕೆಜಿಗೆ ಇನ್ನೊಂದು 34. ಅಂದರೆ ಸಪ್ಲೈ ಆಗುವ ಒಂದೊಂದು ಕೆಜಿಗೂ 40 ರೂಪಾಯಿ ನಷ್ಟ. ತಿಂಗಳಿಗೆ 40 ಸಾವಿರ.

ಎಲ್ಲ ತಿಂಡಿಗೂ ನಿಪ್ಪಟ್ಟಿನ ಲೆಕ್ಕವನ್ನೇ ಹಿಡಿದಿದ್ದೇನೆ. ಬೆಣ್ಣೆ ಹಾಕುವ ಚಕ್ಕುಲಿ ಹೆಚ್ಚು ಬಿದ್ದೀತು, ಖಾರಾಬೂಂದಿ ಕಡಿಮೆ ಬಿದ್ದೀತು. ಒಂದೊಂದಕ್ಕೂ ಹೀಗೇ ಒಂದೊಂದು ಹಾಳೆ ಮಾಡಿ. ಹೊತ್ತು ಹಿಡಿಯುತ್ತದೆ, ಆದರೆ ಒಂದು ಸಲ ಮಾಡಿಟ್ಟರೆ ಎಣ್ಣೆ ದರ ಏರಿದ ದಿನ ಒಂದು ಸಂಖ್ಯೆ ತಿದ್ದಿದರೆ ಸಾಕು.

ಕೌಂಟರ್ ಕಡೆಗೆ ಬಂದರೆ ಚಿತ್ರವೇ ಬೇರೆ. ಅಲ್ಲಿ ಸಾಗಣೆ ಇಲ್ಲ, ವಾಪಸ್ ಇಲ್ಲ, ಕವರ್ ಖರ್ಚೂ ಕಡಿಮೆ. ಬಾಡಿಗೆ, ನಿಮ್ಮ ಸಂಬಳ ಬಿಟ್ಟು ಕೆಜಿಗೆ 168 ಬೀಳುತ್ತದೆ, 280ಕ್ಕೆ ಮಾರುತ್ತೀರಿ, 112 ಉಳಿಯುತ್ತದೆ. ಸುಮಾರು 1,150 ಕೆಜಿಗೆ 1,28,800. ಬಾಡಿಗೆಯ ಉಳಿದ 24 ಸಾವಿರ ಕಳೆದರೂ ಒಂದು ಲಕ್ಷ ನಾಲ್ಕು ಸಾವಿರದಷ್ಟು ಕೈಗೆ ಬರುತ್ತದೆ. ನಿಮ್ಮ ಸಂಸಾರವನ್ನು ಸಾಕುತ್ತಿರುವುದು ಕೌಂಟರ್. ಸಪ್ಲೈಯ ಬಡ್ಡಿ ಕಟ್ಟುತ್ತಿರುವುದೂ ಅದೇ.

ಇಲ್ಲಿ ಒಂದು ನೆನಪು ಹೇಳುತ್ತೇನೆ. ನನ್ನ ತಂದೆ ತರಗುಪೇಟೆಯ ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗಿ ಕೂರುತ್ತಿದ್ದೆ. ಸಂಜೆ ಮಂಡಿ ಮುಚ್ಚುವ ಮೊದಲು ಅವರು ಕಿರ್ದಿ ಪುಸ್ತಕ ತೆಗೆದು ಆ ದಿನದ ಜಮಾ ಖರ್ಚು ಕೂಡಿ, ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸಿ, ಎರಡೂ ತಾಳೆಯಾಗುವವರೆಗೆ ಏಳುತ್ತಿರಲಿಲ್ಲ. ಒಂದು ದಿನ ಮಂಡಿಯ ಮಾಲೀಕರು ಮನೆಗೆಂದು ನಾಲ್ಕು ಅಚ್ಚು ಬೆಲ್ಲ ತೆಗೆದುಕೊಂಡರು. ತಂದೆ ಕೂಡಲೇ ಅದನ್ನು ಮಾಲೀಕರ ಹೆಸರಿನ ಖಾತೆಗೆ ಖರ್ಚು ಬರೆದರು. "ಅವರದೇ ಮಂಡಿ, ಅವರದೇ ಬೆಲ್ಲ, ಯಾಕೆ ಬರೀತೀರಿ?" ಎಂದು ಕೇಳಿದೆ. "ಬೆಲ್ಲ ಮಂಡೀದು, ಬಾಯಿ ಮನೇದು" ಎಂದರು. ಲೆಕ್ಕಪರಿಶೋಧನೆ ಓದುವಾಗ ಇದೇ ತತ್ವವನ್ನು ಪುಟಗಟ್ಟಲೆ ಓದಿದೆ. ಆ ನಾಲ್ಕು ಪದಗಳಿಗಿಂತ ಚೆನ್ನಾಗಿ ಅದನ್ನು ಹೇಳಿದವರನ್ನು ಇವತ್ತಿಗೂ ನಾನು ಕಂಡಿಲ್ಲ.

ನಿಮ್ಮಲ್ಲಿ ಮನೆ, ಅಂಗಡಿ ಎರಡೂ ಒಂದೇ ಡಬ್ಬಿಯಲ್ಲಿವೆ. ಯುಪಿಐ ದುಡ್ಡು ಯಜಮಾನರ ಉಳಿತಾಯ ಖಾತೆಗೆ ಬೀಳುತ್ತದೆ, ಅದರಿಂದಲೇ ಶಾಲೆ ಫೀಸು, ಅದರಿಂದಲೇ ಎಣ್ಣೆ ಡಬ್ಬ. ಇದೇ ವಾರ ಅಂಗಡಿಯ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆದು ಕ್ಯೂಆರ್ ಕೋಡ್ ಅದಕ್ಕೆ ಜೋಡಿಸಿ. ಪ್ರತಿ ತಿಂಗಳ ಒಂದನೇ ತಾರೀಖು ಅದರಿಂದ ನಿಮ್ಮ ಖಾತೆಗೆ 34 ಸಾವಿರ, ಯಜಮಾನರ ಖಾತೆಗೆ 34 ಸಾವಿರ ಸಂಬಳವೆಂದು ಹಾಕಿಕೊಳ್ಳಿ. ಮನೆ ನಡೆಯಬೇಕಾದದ್ದು ಅದರಲ್ಲಿ. ಗಲ್ಲಾದಿಂದ ಐವತ್ತು ರೂಪಾಯಿ ಹಾಲಿಗೆ ತೆಗೆದರೂ ಬರೆಯಿರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಹಣ ಎಲ್ಲಿ ಹೋಗುತ್ತಿದೆ? ಕೌಂಟರ್‌ನ ಒಂದು ಲಕ್ಷ ನಾಲ್ಕು ಸಾವಿರದಲ್ಲಿ ಕೈಸಾಲದ ಬಡ್ಡಿ 6 ಸಾವಿರ ಹೋಗಿ 98 ಸಾವಿರ. ಮನೆಗೆ 68, ಚೀಟಿಗೆ 10, ದಿನಕ್ಕೆ 500ರಂತೆ ಪಿಗ್ಮಿಗೆ 15. ಇಷ್ಟು ಕಳೆದ ಮೇಲೂ 5 ಸಾವಿರ ಉಳಿಯಬೇಕು. ಆದರೆ ದಿನಕ್ಕೆ ಸಾವಿರದಂತೆ 30 ಸಾವಿರ ಆ ದಿನದ ಸಾಲಕ್ಕೆ ಹೋಗುತ್ತದೆ. ಅಲ್ಲಿಗೆ 25 ಸಾವಿರ ಕೊರತೆ. ಆ ಸಾಲವನ್ನು ನೂರು ದಿನಕ್ಕೊಮ್ಮೆ ಮತ್ತೆ ತೆಗೆಯುತ್ತೀರಿ, ಕೈಗೆ 85 ಸಾವಿರ ಬರುತ್ತದೆ, ತಿಂಗಳ ಲೆಕ್ಕಕ್ಕೆ 25,500. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಸಾಲದಿಂದ ನೀವು ಎಣ್ಣೆ ತರುತ್ತಿಲ್ಲ, ಬಾಡಿಗೆ ಕಟ್ಟುತ್ತಿಲ್ಲ. ಅದರ ಕಂತು ಕಟ್ಟುವುದಕ್ಕೇ ಅದನ್ನು ಮತ್ತೆ ಮತ್ತೆ ತೆಗೆಯುತ್ತಿದ್ದೀರಿ.

ಅದರ ಬಡ್ಡಿ ಎಷ್ಟು ಗೊತ್ತೇ? 85 ಸಾವಿರಕ್ಕೆ 15 ಸಾವಿರ, ಹೆಚ್ಚೇನಲ್ಲ ಅನ್ನಿಸುತ್ತದೆ. ಆದರೆ ಆ 85 ಸಾವಿರ ಪೂರ್ತಿಯಾಗಿ ನಿಮ್ಮ ಬಳಿ ಇರುವುದು ಒಂದೇ ದಿನ. ಮಾರನೇ ದಿನದಿಂದಲೇ ಮರಳಿಸುತ್ತಾ ಹೋಗುತ್ತೀರಿ, ಐವತ್ತನೇ ದಿನಕ್ಕೆ ಅರ್ಧವೂ ನಿಮ್ಮದಲ್ಲ. ಹಾಗೆ ಕರಗುತ್ತಾ ಹೋಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 120 ಬಡ್ಡಿ. ಇತ್ತ ಪಿಗ್ಮಿಯಲ್ಲಿ ನಿಮ್ಮದೇ ಒಂದೂವರೆ ಲಕ್ಷ ಅಲ್ಪ ಬಡ್ಡಿಗೆ ಕೂತಿದೆ.

ಪಿಗ್ಮಿಯನ್ನು ನಾನು ಹಳಿಯುತ್ತಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಆ ಪದ್ಧತಿ, ದಿನಗೂಲಿಯವರಿಗೂ ಬ್ಯಾಂಕ್ ಬಾಗಿಲು ತೆರೆದ ದೊಡ್ಡ ಕೆಲಸ. ಮಗಳ ಕಾಲೇಜಿಗೆಂದು ನೀವು ಕಟ್ಟುತ್ತಿರುವುದೂ ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಈಗಲೇ ತೆಗೆಯಿರಿ. ಅವಧಿಗೆ ಮೊದಲು ತೆಗೆದರೆ ಸ್ವಲ್ಪ ಕಡಿತವಾಗಬಹುದು, ಆಗಲಿ.

ತೆಗೆದು ದಿನದ ಸಾಲವನ್ನು ಒಂದೇ ಸಲ ತೀರಿಸಿಬಿಡೋಣ ಅನ್ನಿಸುತ್ತದೆ. ಅಲ್ಲಿ ಎಚ್ಚರ ಬೇಕು. ಬಡ್ಡಿಯನ್ನು ಮೊದಲೇ ಮುರಿದುಕೊಂಡು ಕೊಟ್ಟ ಸಾಲ ಇದು. ಉಳಿದ 60 ದಿನಕ್ಕೆ 60 ಸಾವಿರವನ್ನೂ ಪೂರ್ತಿ ಕೇಳಿದರೆ ಮುಂಚೆ ಕಟ್ಟಿ ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಏನಾದರೂ ಬಿಡುತ್ತೀರಾ ಎಂದು ಕೇಳಿ. ಬಿಡದಿದ್ದರೆ 60 ಸಾವಿರವನ್ನು ಬೇರೆ ಇಟ್ಟು ದಿನದಿನವೇ ಕಟ್ಟಿ ಮುಗಿಸಿ, ಹೊಸದನ್ನು ತೆಗೆಯಬೇಡಿ. ಮಿಕ್ಕ 90 ಸಾವಿರವನ್ನು ನೂರಕ್ಕೆ ಮೂರರ ಕೈಸಾಲಕ್ಕೆ ಕಟ್ಟಿ. ಅದು ವರ್ಷಕ್ಕೆ ಶೇ 36, ಅಲ್ಲಿ ಕಟ್ಟಿದಷ್ಟೂ ಆ ತಿಂಗಳಿಂದಲೇ ಬಡ್ಡಿ ಇಳಿಯುತ್ತದೆ. ಚೀಟಿ ನೋಂದಾಯಿತ ಸಂಸ್ಥೆಯದೋ, ಬೀದಿಯಲ್ಲಿ ಪರಿಚಯದವರು ನಡೆಸುವುದೋ ನೀವು ಬರೆದಿಲ್ಲ. ಎರಡನೆಯದಾದರೆ ಈ ಚೀಟಿ ಮುಗಿದ ಮೇಲೆ ಇನ್ನೊಂದಕ್ಕೆ ಸೇರಬೇಡಿ.

ಉಳಿದ ಕೈಸಾಲ ತೀರಿಸಲು ದುಡ್ಡು ಎಲ್ಲಿದೆ? ನಿಮ್ಮದೇ ಗಿರಾಕಿ ಅಂಗಡಿಗಳಲ್ಲಿದೆ. ತಿಂಗಳಿಗೆ 2 ಲಕ್ಷ ಸಪ್ಲೈ, ದುಡ್ಡು ಬರುವುದು ಎರಡು ತಿಂಗಳಿಗೆ. ಅಂದರೆ ಯಾವ ದಿನ ನೋಡಿದರೂ ನಿಮ್ಮ 4 ಲಕ್ಷ ಆ ಹದಿಮೂರು ಅಂಗಡಿಗಳಲ್ಲಿ ಕೂತಿರುತ್ತದೆ. ನಿಮ್ಮ ಎರಡೂ ಸಾಲ ಕೂಡಿದರೂ ಅಷ್ಟಾಗುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಉದ್ದರಿ ವ್ಯಾಪಾರ ಮಾಡಿ ನೊಂದವರ ಬಾಯಿಂದಲೇ ಬಂದಿರಬೇಕು.

ಹಾಗಾದರೆ ಸಪ್ಲೈ ನಿಲ್ಲಿಸಿಬಿಡಿ ಎನ್ನುವುದು ಸುಲಭ, ಆದರೆ ಆ ಸಲಹೆ ತಪ್ಪು. ಸಪ್ಲೈ ನಿಂತರೆ ಅದರ ಜತೆ ನಿಲ್ಲುವ ಖರ್ಚು ಯಾವುದು? ಸಾಮಾನು, ಎಣ್ಣೆ, ಗ್ಯಾಸ್, ಕವರ್, ಸಾಗಣೆ, ವಾಪಸ್, ತೆರಿಗೆ, ಎಲ್ಲ ಸೇರಿ ಕೆಜಿಗೆ 162. ನಿಂತರೂ ನಿಲ್ಲದ ಖರ್ಚೂ ಇದೆ: ಭಟ್ಟರ ಸಂಬಳ, ಹೆಣ್ಣುಮಕ್ಕಳ ಸಂಬಳ, ಬಾಡಿಗೆ. ಈಗ ಸಪ್ಲೈ ಕೆಜಿಗೆ 38ರಂತೆ ತಿಂಗಳಿಗೆ 38 ಸಾವಿರವನ್ನು ಆ ನಿಲ್ಲದ ಖರ್ಚಿಗೆ ಹೆಗಲು ಕೊಡುತ್ತಿದೆ. ನಾಳೆಯೇ ನಿಲ್ಲಿಸಿದರೆ ಆ ಭಾರ ಪೂರ್ತಿ ಕೌಂಟರ್ ಮೇಲೆ ಬೀಳುತ್ತದೆ. ನಷ್ಟದ್ದೆಂದು ಒಂದು ಬಾಬತ್ತನ್ನು ಒಂದೇ ಏಟಿಗೆ ಕತ್ತರಿಸಿ, ಆರು ತಿಂಗಳಲ್ಲಿ ಅಂಗಡಿಯನ್ನೇ ಮುಚ್ಚಿದವರನ್ನು ನೋಡಿದ್ದೇನೆ.

ಮಾಡಬೇಕಾದ್ದು ಇಷ್ಟು. ದರ 225 ಮಾಡಿ. ವಾಪಸ್ ಇಲ್ಲ ಎಂದು ಹೇಳಿ, ಬೇಕಾದರೆ ಕಡಿಮೆ ಸರಕನ್ನು ಬೇಗ ಬೇಗ ಹಾಕಿ. ದುಡ್ಡು 15 ದಿನಕ್ಕೆ. ಒಪ್ಪದವರು ಬಿಟ್ಟುಹೋಗಲಿ. ಮೂರರಲ್ಲೊಂದು ಪಾಲು ಸಪ್ಲೈ ಹೋಗಿ 670 ಕೆಜಿ ಉಳಿಯಿತು ಎಂದುಕೊಳ್ಳಿ. ವಾಪಸ್‌ನ 8 ರೂಪಾಯಿ ಉಳಿಯುವುದರಿಂದ ಕೆಜಿಗೆ ನಿಲ್ಲುವ ಖರ್ಚು 154, ಕೈಗೆ ಸಿಗುವುದು 71. ತಿಂಗಳಿಗೆ 47 ಸಾವಿರಕ್ಕೂ ಹೆಚ್ಚು. ಸಾವಿರ ಕೆಜಿ ಕರಿದು 38 ಸಾವಿರ ಸಿಗುತ್ತಿದ್ದ ಕಡೆ 670 ಕೆಜಿಗೆ 47 ಸಾವಿರ! ಅಂಗಡಿಗಳಲ್ಲಿ ಕೂತಿರುವ ನಿಮ್ಮ ದುಡ್ಡು 4 ಲಕ್ಷದಿಂದ 75 ಸಾವಿರಕ್ಕೆ ಇಳಿಯುತ್ತದೆ, ಹಳೆಯ ಬಾಕಿ ಬರುತ್ತಾ ಬರುತ್ತಾ 3 ಲಕ್ಷ 25 ಸಾವಿರ ನಿಮ್ಮ ಕೈಗೆ ಮರಳುತ್ತದೆ. ಕೈಸಾಲ ತೀರಿಸಿ ಮಗಳ ಪಿಗ್ಮಿಯನ್ನೂ ಮತ್ತೆ ತುಂಬಲು ಅಷ್ಟು ಸಾಕು. ಮಧ್ಯಾಹ್ನದ ಹೊತ್ತು ಯಜಮಾನರಿಗೆ ಬಿಡುವಾಗುತ್ತದಲ್ಲ, ಶನಿವಾರ, ಭಾನುವಾರ ಹತ್ತಿರದ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಜು ಹಾಕಿ ಕೌಂಟರ್ ದರಕ್ಕೇ ಮಾರಲಿ. ಅಲ್ಲಿ ಮಾರಿದ ಹತ್ತು ಕೆಜಿ, ಸಪ್ಲೈ ಮಾಡಿದ ಇಪ್ಪತ್ತು ಕೆಜಿಗಿಂತ ಲೇಸು.

ಯಾರನ್ನು ಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂದು ವ್ಯಾಪಾರದ ಮೊತ್ತ ನೋಡಿ ತೀರ್ಮಾನ ಮಾಡಬೇಡಿ. ಗವಿಪುರದ ಕಡೆಯ ಆ ಚಿಕ್ಕ ಅಂಗಡಿಯವರು ವಾರಕ್ಕೆ ಎಂಟು ಕೆಜಿ ತೆಗೆದುಕೊಂಡು ಕೈಮೇಲೆ ದುಡ್ಡು ಕೊಡುತ್ತಾರೆ ಎಂದು ಬರೆದಿದ್ದೀರಿ. ತಿಂಗಳಿಗೆ 60 ಸಾವಿರದ ಸರಕು ತೆಗೆದು 75 ದಿನ ಸತಾಯಿಸುವ ಸೂಪರ್‌ಮಾರ್ಕೆಟ್‌ಗಿಂತ ನಿಮಗೆ ಬೇಕಾದವರು ಅವರು. ಅವರಿಗೆ ದರ ಏರಿಸುವ ಮೊದಲು ನೀವೇ ಹೋಗಿ ಮಾತಾಡಿ, ಐದು ರೂಪಾಯಿ ಕಡಿಮೆ ಮಾಡಿದರೂ ನಷ್ಟವಿಲ್ಲ.

ಸೂಪರ್‌ಮಾರ್ಕೆಟ್‌ನವರ ಬಾಕಿಗೆ ನಿಮ್ಮ ಕೈಯಲ್ಲಿ ಒಂದು ಕಾನೂನಿದೆ. ನೀವು ತಯಾರಕರು. ಕೇಂದ್ರ ಸರ್ಕಾರದ 'ಉದ್ಯಮ್' ನೋಂದಣಿ ಮಾಡಿಸಿಕೊಂಡರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆಂದು ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಅವರು ದುಡ್ಡು ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಅದಕ್ಕಿಂತ ಬಿಗಿಯಾದ ಹಿಡಿತ ಆದಾಯ ತೆರಿಗೆಯದು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ನಿಮ್ಮಂಥ ಕಿರು, ಸಣ್ಣ ಘಟಕಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ ಆ ಖರೀದಿಯನ್ನು ಅವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಮಾರ್ಚ್ ಹತ್ತಿರ ಬಂದಾಗ ಅವರ ಲೆಕ್ಕದವರೇ ನಿಮಗೆ ಫೋನ್ ಮಾಡುತ್ತಾರೆ. ನೋಂದಣಿಗೆ ಶುಲ್ಕವಿಲ್ಲ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು, ಏಜೆಂಟರಿಗೆ ದುಡ್ಡು ಕೊಡಬೇಡಿ. ಬೇರೆಯವರ ಸರಕನ್ನು ತಂದು ಮಾರುವ ವ್ಯಾಪಾರಿಗಳಿಗೆ ಬಾಕಿಯ ಈ ರಕ್ಷಣೆ ಇಲ್ಲ, ಇದನ್ನು ಓದುತ್ತಿರುವ ಇತರರು ಗಮನಿಸಿ.

ಕೌಂಟರ್ ದರದ ಬಗ್ಗೆಯೂ ಒಂದು ಮಾತು. ಎರಡು ವರ್ಷಕ್ಕೂ ಮೇಲಾಯಿತು 280 ಮಾಡಿ, ಏರಿಸಿದರೆ ಗಿರಾಕಿ ಹೋಗುತ್ತಾರೆಂಬ ಭಯ ಎಂದಿದ್ದೀರಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಖಾದ್ಯ ತೈಲದ ಆಮದು ಸುಂಕ ಏರಿಸಿದಾಗ ನಿಮ್ಮ ಬಾಣಲೆಗೆ ಬಿದ್ದ ಹೊರೆಯನ್ನು ನೀವೇ ನುಂಗಿಕೊಂಡಿರಿ. 300 ಮಾಡಿ. ಕೆಜಿಗೆ ಉಳಿಯುವುದು 112ರಿಂದ 132ಕ್ಕೆ ಏರುತ್ತದೆ. ನೂರರಲ್ಲಿ 15 ಗಿರಾಕಿ ಬಿಟ್ಟುಹೋದರೂ ನೀವು ಈಗ ಇರುವಲ್ಲೇ ಇರುತ್ತೀರಿ, ಅದೂ ಕಡಿಮೆ ಕರಿದು. ಕಾಲು ಕೆಜಿ ಕೊಳ್ಳುವವರಿಗೆ ಇದು ಐದು ರೂಪಾಯಿ ಹೆಚ್ಚು. ನಿಮ್ಮ ನಿಪ್ಪಟ್ಟು ತಿಂದು ರೂಢಿಯಾದವರು ಐದು ರೂಪಾಯಿಗೆ ಅಂಗಡಿ ಬದಲಿಸುವುದಿಲ್ಲ ಎಂಬ ಭರವಸೆ ನನಗಿದೆ. ದರ ಹಾಗೇ ಇಟ್ಟು ಪ್ಯಾಕೆಟ್ ತೂಕ ಇಳಿಸುವ ಯೋಚನೆ ಬೇಡ. ಅಮ್ಮಂದಿರ ಕೈಗೆ ಹತ್ತು ಗ್ರಾಂ ವ್ಯತ್ಯಾಸವೂ ಗೊತ್ತಾಗುತ್ತದೆ. ಗೋಕುಲಾಷ್ಟಮಿ ಹಿಂದಿನ ವಾರವೂ ಏರಿಸಬೇಡಿ. ಆಷಾಢದಲ್ಲಿ, ವ್ಯಾಪಾರ ತಣ್ಣಗಿರುವಾಗ ಏರಿಸಿದರೆ ಹಬ್ಬದ ಹೊತ್ತಿಗೆ ಅದು ಹಳೆಯ ದರವಾಗಿರುತ್ತದೆ.

ಇನ್ನು ತೆರಿಗೆ. ಯುಪಿಐ ತೆಗೆಯಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಊರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ 'ನಗದು ಮಾತ್ರ' ಎಂಬ ಚೀಟಿ ಬಿತ್ತು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದುಡ್ಡು ಯುಪಿಐನಲ್ಲಿ ಬಂದರೂ ಅಷ್ಟೇ, ನೋಟಿನಲ್ಲಿ ಬಂದರೂ ಅಷ್ಟೇ. ನಿಮ್ಮದು ವರ್ಷಕ್ಕೆ 62 ಲಕ್ಷ, ಸಣ್ಣ ವ್ಯಾಪಾರಿಗಳಿಗೆಂದು ಇರುವ ಸರಳ ಜಿಎಸ್‌ಟಿ ಪದ್ಧತಿಯಾದ ಕಾಂಪೊಸಿಷನ್‌ನಲ್ಲಿ ನೋಂದಾಯಿಸಿಕೊಂಡೂ ಇದ್ದೀರಿ. ತಯಾರಕರಿಗೆ ಅಲ್ಲಿ ವಹಿವಾಟಿನ ಮೇಲೆ ಶೇ 1, ಒಂದೂವರೆ ಕೋಟಿವರೆಗೂ ಅದರಲ್ಲೇ ಇರಬಹುದು. ಕೌಂಟರ್ ವ್ಯಾಪಾರವೇ ಹೆಚ್ಚಿರುವ ನಿಮಗೆ ಅದೇ ಸರಿ. ತಿಂಗಳಿಗೆ 5,200 ರೂಪಾಯಿ ಕಟ್ಟಬೇಕಾದವರು ಭಯಪಟ್ಟು ಗಿರಾಕಿಯ ಫೋನಿಗೆ ಬಾಗಿಲು ಹಾಕಬಾರದು. ತೊಂದರೆಯಾಗುವುದು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ. ಗೋಕುಲಾಷ್ಟಮಿ, ಗೌರಿ ಗಣೇಶದ ವ್ಯಾಪಾರದ ತೆರಿಗೆ ಅಕ್ಟೋಬರ್ 18ರೊಳಗೆ ಕಟ್ಟಬೇಕು, ಆ ಹೊತ್ತಿಗೆ ಆ ದುಡ್ಡು ದೀಪಾವಳಿಯ ಎಣ್ಣೆಗೆ ಹೋಗಿರುತ್ತದೆ. ದಿನಕ್ಕೆ 200ರ ಪಿಗ್ಮಿ ಒಂದನ್ನು ತೆರಿಗೆಗೆಂದೇ ಕಟ್ಟಿ. ಹಬ್ಬದ ವಾರಗಳಲ್ಲಿ ಕೈಲಾದಷ್ಟು ಹೆಚ್ಚು ಹಾಕಿ, ಆಷಾಢದ ಬಾಡಿಗೆಗೂ ಅದೇ ಆಸರೆ.

ಆದಾಯ ತೆರಿಗೆ ರಿಟರ್ನ್‌ನಲ್ಲಿ ವ್ಯಾಪಾರದ ಶೇ 6, ನಗದಿಗೆ ಶೇ 8 ಲಾಭ ತೋರಿಸಿದ್ದೀರಿ, 'ನಮ್ಮ ಲಾಭ ಅಷ್ಟೇ ಅಂತ ಆಡಿಟರ್ ಹೇಳಿದ್ದಾರೆ' ಎಂದಿದ್ದೀರಿ. ಅದು ಪುಸ್ತಕ ಇಡಲಾಗದ ಸಣ್ಣವರಿಗೆಂದು ಕಾನೂನು ಒಪ್ಪಿಕೊಂಡ ಕನಿಷ್ಠ ಸಂಖ್ಯೆ. ನಿಮ್ಮ ನಿಜವಾದ ಲಾಭ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಹೇಳುವುದು ನಿಮ್ಮ ಪುಸ್ತಕ ಮಾತ್ರ.

ಪುಸ್ತಕ ಎಂದರೆ ದೊಡ್ಡದೇನೂ ಬೇಡ. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವ ಟ್ಯಾಲಿ ನಮ್ಮ ಬೆಂಗಳೂರಿನದೇ, ಒಳ್ಳೆಯದೇ, ಆದರೆ ನಿಮಗೆ ಈಗ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ಸಾಕು. ರಾತ್ರಿ ಶಟರ್ ಎಳೆಯುವ ಮೊದಲು ಬಂದದ್ದು, ಹೋದದ್ದು, ಗಲ್ಲಾದಲ್ಲಿ ಇರುವುದು. ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಇಬ್ಬರೂ ಕೂತು ಯಾರ ಬಾಕಿ ಎಷ್ಟು ದಿನದ್ದು ಎಂದು ಒಂದು ಪುಟ. ಇಬ್ಬರೂ ಕೂರಬೇಕು. ಬಾಕಿ ಕೇಳುವವರು ಯಜಮಾನರು, ಎಣ್ಣೆ ಡಬ್ಬ ಎಣಿಸುವವರು ನೀವು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗದೆ ಹೋದದ್ದೂ ಈ ಸಾಲಕ್ಕೆ ಒಂದು ಕಾರಣ ಎಂದು ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿತು.

ಕೊನೆಯದು ಬನಶಂಕರಿ ಶಾಖೆ. ಈಗ ಬೇಡ. ಹೊಸ ಅಂಗಡಿಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಅದೇ ಮೂರು ಲಕ್ಷ ದಾಟುತ್ತದೆ, ಆಮೇಲೆ ಬಾಣಲೆ, ಶೋಕೇಸ್, ಇನ್ನೊಬ್ಬ ಭಟ್ಟರು. ಬೆಳಿಗ್ಗೆ ಐದಕ್ಕೆ ನೀವು ಎರಡು ಕಡೆ ನಿಲ್ಲಲಾಗುವುದಿಲ್ಲ, ಸಂಬಳವಿಲ್ಲದ ನಿಮ್ಮ ದುಡಿಮೆಯ ಮೇಲೆ ನಿಂತ ಲೆಕ್ಕ ಅಲ್ಲಿ ಮೊದಲ ತಿಂಗಳೇ ಕುಸಿಯುತ್ತದೆ. ಮುದ್ರಾ ಸಾಲಕ್ಕೆ ಬೇರೊಂದು ಉಪಯೋಗವಿದೆ. ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೂ ಒತ್ತೆ ಇಲ್ಲದೆ ಸಿಗುತ್ತದೆ. ಸಾಮಾನು ತರಲು ಕೈಸಾಲದ ಬದಲು ಬ್ಯಾಂಕಿನ ದುಡಿಮೆ ಬಂಡವಾಳ ಸಿಗುತ್ತದೆಯೇ ಎಂದು ಕರೆಂಟ್ ಅಕೌಂಟ್ ತೆರೆಯುವ ಬ್ಯಾಂಕ್‌ನಲ್ಲೇ ವಿಚಾರಿಸಿ, ಬಡ್ಡಿ ನೀವು ಈಗ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಆರು ತಿಂಗಳ ಖಾತೆಯ ವಹಿವಾಟು, ಜಿಎಸ್‌ಟಿ ರಿಟರ್ನ್, ಉದ್ಯಮ್ ಪತ್ರ ಹಿಡಿದು ಹೋದರೆ ಮ್ಯಾನೇಜರ್ ಕೂರಿಸಿ ಮಾತಾಡುತ್ತಾರೆ. ಆ ಆರು ತಿಂಗಳಲ್ಲಿ ಪ್ರತಿ ಒಂದನೇ ತಾರೀಖು ನಿಮ್ಮಿಬ್ಬರ ಸಂಬಳ ತಪ್ಪದೆ ಬಿದ್ದು, ದಿನದ ಸಾಲ ಮತ್ತೆ ತೆಗೆಯದೆ, ಕರೆಂಟ್ ಅಕೌಂಟ್‌ನಲ್ಲಿ ಎರಡು ತಿಂಗಳ ಬಾಡಿಗೆ, ಸಂಬಳದಷ್ಟು ಉಳಿದಿದ್ದರೆ ನೋಟ್‌ಬುಕ್ ಸಮೇತ ಇನ್ನೊಮ್ಮೆ ಬರೆಯಿರಿ. ಬನಶಂಕರಿ ಅಂಗಡಿಯ ಲೆಕ್ಕವನ್ನು ಆಗ ಕೂತು ಹಾಕೋಣ.